ಗೋಪಿ ಬಣ್ಣದ ಗೋಡೆ

ಡಾರ್ಮ್‌ಸ್ಟಾಟ್‌ನ ಟ್ರಾಮ್ ದಾರಿಯ ಪಕ್ಕದ ಬಣ್ಣದಂಗಡಿಗೆ ಶಾಮಲಾ ಒಂದೇ ವಾರದಲ್ಲಿ ನಾಲ್ಕನೇ ಸಲ ಹೋದಾಗ, ಅಂಗಡಿಯ ಮುದುಕ ಲೋಟ್ಸ್ ಏನೂ ಕೇಳದೆ ಬಣ್ಣದ ಮಾದರಿ ಪಟ್ಟಿಗಳ ಡಬ್ಬಿಯನ್ನೇ ಅವಳ ಮುಂದೆ ತಳ್ಳಿದ. ಸೀರೆಯ ಮೇಲೆ ಗಂಡನ ಓವರ್‌ಕೋಟು ಹಾಕಿಕೊಂಡು ಬರುವ ಗಿರಾಕಿ ಅವನಿಗೆ ಅವಳೊಬ್ಬಳೇ. 1973ರ ಮಾರ್ಚ್ ತಿಂಗಳು. ಅವತ್ತು ಮಂಗಳವಾರ. ಶುಕ್ರವಾರ ಅವಳ ಗಂಡ ಪ್ರಭಂಜನ ಆಸ್ಪತ್ರೆಯಿಂದ ಮನೆಗೆ ಬರುವವನಿದ್ದ. ಗೋಡೆಗೆ ಯಾವ ಬಣ್ಣ ಎನ್ನುವುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಬರುವುದೆಂದರೆ ವಾಸಿಯಾಗಿ ಬರುವುದಲ್ಲ. ಅವನ ತಲೆಯೊಳಗೆ ಗಡ್ಡೆ ಬೆಳೆದಿತ್ತು. ಆರು ವಾರ ಕಿರಣ ಕೊಟ್ಟು, ಕೂದಲೆಲ್ಲ ಉದುರಿಸಿ, ಕೊನೆಗೆ ದೊಡ್ಡ ಡಾಕ್ಟರು ಶಾಮಲಾಳನ್ನು ಒಳಗೆ ಕರೆದು, ಇನ್ನು ಮಾಡುವುದೇನೂ ಉಳಿದಿಲ್ಲ, ಕೆಲವು ವಾರ ಮನೆಯಲ್ಲೇ ಇರಲಿ ಎಂದಿದ್ದರು. ಇದನ್ನು ಅವನಿಗೆ ಹೇಳಬೇಡಿ ಎಂದೂ ಸೇರಿಸಿದ್ದರು. ಕಬ್ಬಿಣ ಎಷ್ಟು ಕಾದರೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಹನ್ನೆರಡು ವರ್ಷ ಕಾಲೇಜಿನ ಹುಡುಗರಿಗೆ ಕಲಿಸಿದವನಿಗೆ ಹೆಂಡತಿಯ ಮುಖದ ಬಣ್ಣ ಓದಲು ಬರುವುದಿಲ್ಲವೆಂದು ಆ ಡಾಕ್ಟರರಿಗೆ ಹೇಗೆ ಅನಿಸಿತೋ ಕಾಣೆ. ಕೈಗೊಂದು ಚೀಟಿಯನ್ನೂ ಕೊಟ್ಟಿದ್ದರು. ಕಿರಣ ಬಿದ್ದ ಚರ್ಮ ಸುಟ್ಟ ಚರ್ಮವಿದ್ದಂತೆ, ಸೋಪಾಗಲಿ ಎಣ್ಣೆಯಾಗಲಿ ತಲೆಗೆ ಸೋಕಬಾರದು ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು.

ಪ್ರಭಂಜನ ಕೇಳಿದ್ದು ಒಂದೇ ಒಂದು. ಹಿಂದಿನ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದ್ದ: "ನಾನು ಬರೋ ಹೊತ್ಗೆ ನಾನ್ ಕೂರೋ ಕಡೆ ಗೋಡೆಗೆ ಗೋಪಿ ಬಣ್ಣ ಬಳ್ದಿಡು, ಶಾಮಲಾ. ನಮ್ಮ ಮಳವಳ್ಳಿ ಮನೇಲಿತ್ತಲ್ಲ, ಅದು. ಈ ಬಿಳೀನ ಇನ್ನು ನೋಡಕ್ಕಾಗಲ್ಲ."

ಮದುವೆಯಾದ ಮೇಲೆ ಅವನು ಬಾಯಿಬಿಟ್ಟು ಕೇಳಿದ ವಸ್ತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅದಕ್ಕೇ ಶಾಮಲಾ ಪಟ್ಟು ಹಿಡಿದಳು. ಬೇರೆ ಯಾವುದೂ ಅವಳ ಕೈಯಲ್ಲಿರಲಿಲ್ಲ, ಇದೊಂದಾದರೂ ಸರಿಯಾಗಬೇಕು. ಬಣ್ಣ ಬಳಿಯುವವರು ಮೂರು ವಾರ ಬರುವುದಿಲ್ಲ ಎಂದಾಗ ತಾನೇ ಬಳಿಯುತ್ತೇನೆಂದು ಸೆರಗು ಸಿಕ್ಕಿಸಿದಳು. ಕೆಳಗಿನ ಮಹಡಿಯ ಮನೆಯೊಡತಿ ಫ್ರೌ ಕೈಲ್, ಮನೆ ಬಿಟ್ಟು ಹೋಗುವಾಗ ಮತ್ತೆ ಬಿಳಿ ಮಾಡಿಕೊಟ್ಟರಾಯಿತು ಎಂದು ತನ್ನ ಹಳೆಯ ರೋಲರನ್ನೂ ಕೊಟ್ಟಳು.

ತೊಂದರೆ ಏನೆಂದರೆ, ಗೋಪಿ ಅಂದರೆ ಗೋಪಿಚಂದನದ ನಸುಹಳದಿ ಎಂದು ಗೊತ್ತಿದ್ದರೂ, ಮಳವಳ್ಳಿಯ ಆ ಮನೆಯನ್ನು ಶಾಮಲಾ ನೋಡಿಯೇ ಇರಲಿಲ್ಲ. ಅವಳು ಸೊಸೆಯಾಗುವ ಮೊದಲೇ ಅದು ಬೇರೆಯವರ ಪಾಲಾಗಿ, ಅವರು ಅದನ್ನು ಕೆಡವಿ ಅಕ್ಕಿ ಗಿರಣಿ ಕಟ್ಟಿದ್ದರು. ಇದ್ದ ಒಂದು ಫೋಟೋದಲ್ಲಿ ಮಾವನವರು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು. ಕಪ್ಪು ಬಿಳುಪಿನ ಫೋಟೋದಲ್ಲಿ ಗೋಪಿಯೂ ಒಂದೇ, ಬೂದಿಯೂ ಒಂದೇ. ಊರಿಗೆ ಬರೆದು ಕೇಳೋಣವೆಂದರೆ ಉತ್ತರ ಬರುವಷ್ಟರಲ್ಲಿ ತಿಂಗಳು ಕಳೆಯುತ್ತದೆ.

ಲೋಟ್ಸ್‌ನ ಡಬ್ಬಿಯಲ್ಲಿ ಹತ್ತಿರ ಬಂದವು ಮೂರು: ಝಾಂಡ್, ಎಲ್ಫೆನ್‌ಬೈನ್, ವನಿಲೆ. ಮರಳು, ದಂತ, ವೆನಿಲಾ. ಹೆಸರು ಮೂರಾದರೂ ಪಕ್ಕಪಕ್ಕದಲ್ಲಿಟ್ಟರೆ ಅಕ್ಕತಂಗಿಯರಷ್ಟೇ ವ್ಯತ್ಯಾಸ. ಪಟ್ಟಿಗಳನ್ನು ಪರ್ಸಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ಹೋದ ಬುಧವಾರ ಅವನು ಝಾಂಡ್ ಎಂದ. ಗುರುವಾರ ಅದನ್ನು ಬಳಿದಳು. ಹಸಿಯಿದ್ದಾಗ ಚೆನ್ನಾಗೇ ಕಂಡ ಬಣ್ಣ ಒಣಗಿದ ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ಹಾಗೆ ನಸುಗೆಂಪಾಯಿತು. ಶುಕ್ರವಾರ ಅವನು ಎಲ್ಫೆನ್‌ಬೈನ್ ತೋರಿಸಿ, ಅದೇ ಸರಿ, ಆದರೆ ಇನ್ನೂ ಸ್ವಲ್ಪ ಬೆಚ್ಚಗಿತ್ತು ಎಂದ. ಶನಿವಾರ ಅದನ್ನು ಬಳಿದಳು. ಸೋಮವಾರ ಅವನು ಮೂರೂ ಪಟ್ಟಿಗಳನ್ನು ನೋಡಿ, "ಇವೆಲ್ಲ ಒಂದೇ ಅಲ್ವೇನೆ?" ಎಂದು ಕಣ್ಣು ಮುಚ್ಚಿಕೊಂಡ. ಶಾಮಲಾ ಹೊರಗೆ ಬಂದು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು. ಆ ಗೋಡೆಯೂ ಬಿಳಿಯೇ.

ಇದು ಸಾಲದು ಎಂಬಂತೆ ಕಲೆ ಬೇರೆ. ಕಿಟಕಿಯ ಪಕ್ಕದ ಆ ಗೋಡೆಗೆ ಕುರ್ಚಿ ಹಾಕಿ, ಎಣ್ಣೆ ಹಚ್ಚಿ ಬಾಚಿದ ತಲೆಯನ್ನು ಒರಗಿಸಿಕೊಂಡು ಪ್ರಭಂಜನ ಹತ್ತು ವರ್ಷ ಪೇಪರು ಓದಿದ್ದ. ಊರಿಂದ ತಂದ ಎಣ್ಣೆ ಮುಗಿದಾಗ, ಇಲ್ಲಿ ಅಡುಗೆಗೆಂದು ಮಾರುವ ಗಟ್ಟಿ ತೆಂಗಿನ ಕೊಬ್ಬಿನ ಬಿಲ್ಲೆಯನ್ನು ಒಲೆಯ ಮೇಲೆ ಕರಗಿಸಿ ಹಚ್ಚಿಕೊಳ್ಳುತ್ತಿದ್ದ. ಅವನ ತಲೆ ಕೂತ ಜಾಗದಲ್ಲಿ ಊಟದ ತಟ್ಟೆಯಗಲದ ಕಲೆ. ಅವಳು ಸೋಪಿನಲ್ಲಿ ಉಜ್ಜಿದ್ದಳು, ಕ್ಯಾಲೆಂಡರು ತೂಗಿಹಾಕಿದ್ದಳು, ಜಗಳವಾಡಿದ್ದಳು. ಈಗ ಒಂದು ಕೋಟು ಬಳಿದರೆ ಮಾರನೆಯ ದಿನವೇ ಕಲೆ ಮೇಲೆ ಬರುತ್ತಿತ್ತು. ಎರಡನೆಯದರ ಮೇಲೂ ಬಂತು. ಕೂದಲಿಲ್ಲದ ತಲೆ ಹೊತ್ತು ಬರುವವನ ಕಣ್ಣಿಗೆ ಅದು ಬೀಳಬಾರದು ಎಂಬ ಸಂಕಟ ಅವಳಿಗೆ. ಲೋಟ್ಸ್‌ಗೆ ಗೋಡೆಯಲ್ಲಿ ಕಲೆಯಿದೆ ಎಂದಿದ್ದಳೇ ಹೊರತು ತಲೆಯೆಣ್ಣೆ ಎಂದು ಹೇಳಿರಲಿಲ್ಲ, ನಾಚಿಕೆ. ಹೇಳಿದ್ದರೆ ಎಣ್ಣೆಯನ್ನು ತಡೆಯುವ ಅಡಿಬಣ್ಣ ಯಾವುದೆಂದು ಅವನು ಹೇಳುತ್ತಿದ್ದ.

ಹೀಗೆ ಮಂಗಳವಾರ ಅವಳು ಕೊನೆಗೆ ಉಳಿದ ವನಿಲೆ ಡಬ್ಬಿಯನ್ನು ಹೊತ್ತು ತಂದಳು. ಬುಧವಾರ ಒಂದು ಸಲ, ಗುರುವಾರ ಇನ್ನೊಂದು ಸಲ ಬಳಿದಳು. ರಟ್ಟೆ ಬಿದ್ದುಹೋಯಿತು. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಕಸ್ಟರ್ಡಿನ ಹಾಗೆ ಹಳದಿ, ನಡುವೆ ಕಲೆ ತನ್ನ ಪಾಡಿಗೆ ತಾನು ಬಂದು ಕೂತಿತ್ತು. ಶಾಮಲಾ ರೋಲರನ್ನು ನೆಲಕ್ಕೆ ಎಸೆದಳು. ಇನ್ನು ಮಾಡಲು ಹೊತ್ತಿರಲಿಲ್ಲ, ಕೈಯಲ್ಲಿ ಶಕ್ತಿಯೂ ಇರಲಿಲ್ಲ.

ಹನ್ನೊಂದು ಗಂಟೆಗೆ ಆಂಬುಲೆನ್ಸಿನವರು ಅವನನ್ನು ಎತ್ತಿಕೊಂಡು ಬಂದು, ಆ ಗೋಡೆಯ ಎದುರಿಗೆ ಹಾಸಿದ್ದ ಮಂಚದ ಮೇಲೆ ಒರಗಿಸಿ ಹೋದರು. ಶಾಮಲಾ ಅಪರಾಧಿಯಂತೆ ಪಕ್ಕದಲ್ಲಿ ನಿಂತಳು. ಅವನು ಗೋಡೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಂಬಳಿಯೊಳಗಿಂದ ಕೈ ತೆಗೆದು ಕಲೆಯ ಕಡೆ ತೋರಿಸಿದ.

"ಇದು ಸರಿಯಾಗಿದೆ. ಇದೇ ಬಣ್ಣ. ಮಿಕ್ಕಿದ್ದು ಯಾಕೆ ಹಾಗೇ ಬಿಟ್ಟೆ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಫೋಟೋ ನೆನಪಾಯಿತು. ಮಳವಳ್ಳಿಯ ಆ ಮನೆಯಲ್ಲಿ ಅವನ ಅಪ್ಪ, ಚಿಕ್ಕಪ್ಪಂದಿರು, ಬಂದವರು ಹೋದವರು ಎಲ್ಲ ಪಡಸಾಲೆಯ ಗೋಡೆಗೆ ಎಣ್ಣೆತಲೆ ಒರಗಿಸಿ ಕೂತವರೇ. ನೆಲದ ಮೇಲೆ ಕೂತ ಹುಡುಗನ ಕಣ್ಣಿನ ಎತ್ತರಕ್ಕೆ ಇದ್ದದ್ದು ಬರೀ ಗೋಪಿಯಲ್ಲ, ಎಣ್ಣೆ ಕುಡಿದ ಗೋಪಿ. ಅದನ್ನೇ ಅವನು ಮನೆಯ ಬಣ್ಣ ಎಂದುಕೊಂಡಿದ್ದ. ಅಂಥದ್ದು ಲೋಟ್ಸ್‌ನ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಅದನ್ನೇ ಅವಳು ಹತ್ತು ವರ್ಷ ಸೋಪು ಹಾಕಿ ಉಜ್ಜಿದ್ದಳು, ಈ ಎಂಟು ದಿನದಲ್ಲಿ ನಾಲ್ಕು ಸಲ ಮುಚ್ಚಿದ್ದಳು.

"ಇನ್ನೂ ಮುಗಿದಿಲ್ಲ, ಬಳೀತೀನಿ ಇರಿ," ಎಂದಳು.

ಅಡುಗೆಮನೆಗೆ ಹೋಗಿ ತೆಂಗಿನ ಕೊಬ್ಬಿನ ಬಿಲ್ಲೆಗಳನ್ನೆಲ್ಲ ಪಾತ್ರೆಗೆ ಹಾಕಿ ಒಲೆ ಹಚ್ಚಿದಳು. ಕರಗಿದ್ದನ್ನು ತಂದು, ಹಳೆಯ ಪಂಚೆಯ ತುಂಡು ಅದ್ದಿ ಅದ್ದಿ ಗೋಡೆಗೆ ತಿಕ್ಕತೊಡಗಿದಳು. ಬಟ್ಟೆ ಸಾಲದಾದಾಗ ಅಂಗೈಯಿಂದಲೇ ಸವರಿದಳು. ಹತ್ತು ವರ್ಷ ಹಿಡಿದ ಬಣ್ಣ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಫ್ರೌ ಕೈಲ್ ಈಗ ಮೇಲೆ ಬಂದರೆ ತಲೆ ಕೆಟ್ಟಿದೆ ಎನ್ನುತ್ತಾಳೆ ಎನ್ನುವುದೂ ಗೊತ್ತಿತ್ತು. ಆದರೂ ಮೊಣಕೈವರೆಗೆ ಜಿಡ್ಡು ಇಳಿಯುವ ತನಕ ಬಿಡಲಿಲ್ಲ. ಗೋಡೆ ಸ್ವಲ್ಪ ಮಂಕಾಯಿತು, ಅಷ್ಟೇ. ಮನೆಯ ತುಂಬ ಮಾತ್ರ ಬಿಸಿ ಕೊಬ್ಬರಿಯ ವಾಸನೆ.

ಮಂಚದ ಮೇಲೆ ಪ್ರಭಂಜನ ಕಣ್ಣು ಮುಚ್ಚಿಕೊಂಡಿದ್ದ. ಮೂಗು ಅರಳಿಸಿ ಉಸಿರೆಳೆದುಕೊಂಡ.

"ಇವತ್ತು ಯಾರಿಗೆ ಎಣ್ಣೆನೀರು?"

ಶಾಮಲಾ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಉಗುರುಬೆಚ್ಚಗಿತ್ತು. ಅದನ್ನಷ್ಟೂ ಬೊಗಸೆಗೆ ಬಗ್ಗಿಸಿಕೊಂಡು ಮಂಚದ ಹತ್ತಿರ ಬಂದಳು.

"ನಿಮಗೇ," ಎಂದು, ಕೂದಲಿಲ್ಲದ ಆ ತಲೆಯ ಮೇಲೆ ಎರಡೂ ಕೈ ಇಟ್ಟಳು.