ಬೇವಿನ ನೆರಳ ಹಿಂದೆ ಹೊರಟ ಹೂಕುಂಡ

ಬಸ್ಸು ಬದಲಿಸಲು ಇಳಿದ ಹುಮನಾಬಾದಿನ ನಿಲ್ದಾಣದಲ್ಲಿ ನಾನು ತೆಗೆದ ಮೊದಲ ಫೋಟೋದಲ್ಲಿ ನನ್ನ ಗಂಡನಿಗೆ ಮುಖವೇ ಇರಲಿಲ್ಲ. ಹಿಂದೆ ಬೆಳ್ಳಗೆ ಉರಿಯುವ ಆಕಾಶ, ಮುಂದೆ ಸೂಟ್‌ಕೇಸ್ ಹಿಡಿದ ಒಂದು ಕಪ್ಪು ಆಕಾರ. ಅಮ್ಮನಿಗೆ ಕಳಿಸಿದೆ. "ಇದು ಯಾರು ಮಾರಾಯ್ತಿ?" ಎಂದು ಮಂಗಳೂರಿನಿಂದ ಕೇಳಿದಳು. ನಗಬೇಕಿತ್ತು, ನನಗೆ ಹೆದರಿಕೆಯಾಯಿತು.

ನನ್ನವರಿಗೆ ಬಸವಕಲ್ಯಾಣಕ್ಕೆ ವರ್ಗವಾಗಿತ್ತು. ಇಲ್ಲಿಯವರು ಬರೀ 'ಕಲ್ಯಾಣ' ಎನ್ನುತ್ತಾರೆ. ಹೊರಡುವಾಗ ಅಮ್ಮ ತನ್ನ ಆಂಥೂರಿಯಂ ಗಿಡದಿಂದ, ಮೇಣದಂತೆ ಹೊಳೆಯುವ ಒಂದು ಕೆಂಪು ಹೂವಿದ್ದ ಮರಿಯನ್ನು ಬಿಡಿಸಿ, ಕುಂಡದಲ್ಲಿ ನೆಟ್ಟುಕೊಟ್ಟಿದ್ದಳು. "ಇದು ಬದುಕಿದರೆ ನೀನೂ ಅಲ್ಲಿ ಬದುಕುತ್ತಿ. ಒಣಗಿದರೆ ಸುಮ್ಮನೆ ಬಂದುಬಿಡು, ನಿನ್ನ ಕೋಣೆ ಉಂಟಲ್ಲ." ತಮಾಷೆಗೆ ಹೇಳಿದ್ದು. ಆದರೂ ಪ್ರತಿ ಭಾನುವಾರ ಗಿಡದ ಫೋಟೋ ಅವಳಿಗೆ ಬೇಕೇ ಬೇಕು.

ನಮ್ಮೂರಲ್ಲಿ ಬೆಳಕು ತೆಂಗಿನ ಗರಿಗಳಲ್ಲಿ ಸೋಸಿಕೊಂಡು, ಸ್ವಲ್ಪ ಒದ್ದೆಯಾಗಿ ನೆಲಕ್ಕಿಳಿಯುತ್ತದೆ. ಇಲ್ಲಿ ಬಿಸಿಲಿಗೂ ನೆರಳಿಗೂ ನಡುವೆ ಕತ್ತರಿಯಾಡಿಸಿದ ಹಾಗೆ ಗೆರೆ. ಅಂಗಳದ ಪರಸಿಯ ಮೇಲೆ, ಪರಸಿ ಎಂದರೆ ಹಾಸುಗಲ್ಲು, ಒಂದು ಕಾಲು ತಣ್ಣಗಿದ್ದರೆ ಇನ್ನೊಂದು ಸುಡುತ್ತದೆ. ಊರಿನ ಅಭ್ಯಾಸದಂತೆ ಬೆಳಿಗ್ಗೆ ನೆರಳಿದ್ದಲ್ಲಿ ಕುಂಡವಿಟ್ಟು ಒಳಗೆ ಹೋಗುತ್ತಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಎಲೆಯಂಚು ಹಪ್ಪಳ.

ಕಾನ್ವೆಂಟಿನಲ್ಲಿ ಸಿಸ್ಟರ್ ಕ್ಯಾಮೆರಾ ಹಿಡಿಯಲು ಕಲಿಸುತ್ತಾ ಹೇಳುತ್ತಿದ್ದರು: ಸೂರ್ಯ ನಿಮ್ಮ ಬೆನ್ನಿಗಿರಲಿ, ಆದರೆ ನಿಮ್ಮ ನೆರಳು ಚಿತ್ರದೊಳಗೆ ಬೀಳದಿರಲಿ. ಆ ವಿದ್ಯೆಯನ್ನೆಲ್ಲ ಸುಟ್ಟ ಎಲೆ ಕಾಣದಂತೆ ಫೋಟೋ ತೆಗೆಯಲು ಬಳಸಿದೆ. ಒಮ್ಮೊಮ್ಮೆ ನೀರು ಹಾಕುವಾಗ ಮಂಗಳೂರಿನ ಆ ಕೋಣೆಯ ಕಿಟಕಿ ನೆನಪಾಗಿ ಕೈ ತಡೆಯುತ್ತಿತ್ತು. ಈ ಗಿಡ ಉಳಿಯಲೆಂದು ನಾನು ನಿಜವಾಗಿ ಬಯಸುತ್ತಿದ್ದೇನೆಯೇ?

ಮನೆ ಮಾಲೀಕರ ತಾಯಿ ಸಂಗಮ್ಮ ಪಕ್ಕದಲ್ಲೇ ಇರುತ್ತಾರೆ. ಅಂಗಳ ಇಬ್ಬರಿಗೂ ಒಂದೇ. ಎಲ್ಲರಂತೆ ನಾನೂ 'ಆಯಿ' ಎನ್ನುತ್ತೇನೆ.

"ಏ ತಂಗಿ, ಪ್ಲಾಸ್ಟಿಕ್ ಹೂವಿಗಿ ಯಾಕ ನೀರ ಹಾಕಾಕತ್ತಿ?"

"ಪ್ಲಾಸ್ಟಿಕ್ ಅಲ್ಲ ಆಯಿ, ಮುಟ್ಟಿ ನೋಡಿ."

ಮುಟ್ಟಿದರು. "ಮುಟ್ಟಿದ್ರೂ ಪ್ಲಾಸ್ಟಿಕ್ಕೇ ಅದ!"

ಆಯಿಗೆ ಬೇವಿನಡಿ ಒಂದು ಹೊರಸು ಇದೆ, ಹುರಿ ಹೆಣೆದ ಮಂಚ. ನೆರಳು ಸರಿದಂತೆ ಅದನ್ನೂ ಎಳೆಯುತ್ತಾರೆ. ಓಣಿಯವರೆಲ್ಲ ಹೀಗೆಯೇ. ತೊಗರಿಬೇಳೆ ಆರಿಸುವ ಹೆಂಗಸರು ಮಾತು ನಿಲ್ಲಿಸದೆ, ತಲೆ ಎತ್ತದೆ, ಮೊರದ ಸಮೇತ ಜರುಗುತ್ತಾರೆ. ನಾನು ಮಾತ್ರ ದಿನವೂ ಅದರ ಫೋಟೋ ತೆಗೆಯುತ್ತಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಕೊನೆಗೊಂದು ದಿನ ಆಯಿಯೇ ಹೇಳಿದರು:

"ನಾ ಎದ್ದಾಗ ನಿನ್ನ ಗಿಡಾನೂ ಎಬ್ಬಿಸು ಬೇ. ಅದಕ್ಕೇನ್ ಕಾಲ ಅದಾವೇನ್?"

"ನೆಲದಲ್ಲೇ ನೆಟ್ಟುಬಿಟ್ಟರೆ ಆಯಿ?"

"ನೆಲದಾಗ ಹಚ್ಚಿದ್ರ ಹ್ಯಾಂಗ ಸರಸ್ತಿ? ಸುಟ್ಟ ಹೋಗ್ತದ."

ಅಂದಿನಿಂದ ಹೊರಸಿನ ಹಿಂದೆ ಕುಂಡ, ಕುಂಡದ ಹಿಂದೆ ನಾನು.

ಕಳೆದ ಭಾನುವಾರ ಒಂದು ಹೊಸ ಎಲೆ, ಇನ್ನೂ ಸುರುಳಿ ಬಿಚ್ಚದ್ದು, ಕಾಣಿಸಿತು. ಫೋನ್ ತರುವಷ್ಟರಲ್ಲಿ ನೆರಳು ಜಾರಿಹೋಗಿತ್ತು. ಎಳೆಯ ಎಲೆ ಬಾಡೀತೆಂದು ಸೂರ್ಯನಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ನನ್ನೊಬ್ಬಳ ನೆರಳು ಸಾಲಲಿಲ್ಲ. ಆಯಿ ಬಂದು ಸೆರಗು ಹರಡಿ ನನ್ನ ಪಕ್ಕ ನಿಂತರು. "ತೆಗಿ ಲಗೂ, ನನ್ನ ಬೆನ್ನ ಸುಡಾಕತ್ತದ!" ಸುಟ್ಟ ಎಲೆಗಳೂ ಚಿತ್ರದೊಳಗೆ ಬಂದವು. ಹಾಗೆಯೇ ಕಳಿಸಿದೆ.

ಕುಂಡವನ್ನು ನೆರಳಿಗೆ ಸರಿಸಿ ಒಳಗೆ ಬಂದ ಎಷ್ಟೋ ಹೊತ್ತಿಗೆ ಅಮ್ಮನ ಫೋನು ಬಂತು. ಎಲೆಗಳು ಹೀಗೇಕೆ ಎಂದು ಕೇಳುತ್ತಾಳೆಂದುಕೊಂಡೇ ಎತ್ತಿದೆ.

"ಗಿಡದ ಮೇಲೆ ಇಬ್ಬರ ನೆರಳುಂಟಲ್ಲ. ನಿನ್ನ ಪಕ್ಕದ್ದು ಯಾರದ್ದು?"

"ಮನೆ ಮಾಲೀಕರ ತಾಯಿಯದ್ದು."

ಅಮ್ಮ ಹಗುರವಾಗಿ, "ಹಾಗಾದರೆ ನಿನ್ನ ಕೋಣೆಯಲ್ಲಿ ತೆಂಗಿನಕಾಯಿ ರಾಶಿ ಹಾಕಬಹುದಾ?" ಎಂದಳು.

ಈಗಲೇ ಬೇಡಮ್ಮ ಎನ್ನಲು ಬಾಯಿ ತೆರೆದೆ. ಹೊರಗಿನಿಂದ ಆಯಿ ಕೂಗಿದರು: "ತಂಗೀ, ನೆಳ್ಳು ಮತ್ತ ಸರೀತು! ಗಿಡ ಎತ್ತು!"

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅಂಗಳಕ್ಕೆ ಓಡಿ, ಎರಡೂ ಕೈಯಿಂದ ಕುಂಡ ಎತ್ತಿದೆ.