ಡಾಕ್ಟರ್ ಹೇಳಿದ ಇನ್ನರ್ಧ

ಸುಮಾ, ಅಂದು ಡಾಕ್ಟರ್ ಹೇಳಿದ್ದರಲ್ಲಿ ಅರ್ಧವನ್ನು ನಾನು ನಿನಗೆ ಹೇಳಲೇ ಇಲ್ಲ. ಮರೆತು ಅಲ್ಲ — ಬೇಕೆಂದೇ ಮುಚ್ಚಿಟ್ಟೆ.

ಮದುವೆಯಾಗಿ ತುಮಕೂರಿನಿಂದ ದೇಶದ ರಾಜಧಾನಿಗೆ, ಕಿದ್ವಾಯಿ ನಗರದ ಈ ಕ್ವಾರ್ಟರ್ಸಿಗೆ ನೀನು ಬಂದ ಮೊದಲ ಚಳಿಗಾಲ. ಇಂಚರ ನಿನ್ನ ಹೊಟ್ಟೆಯಲ್ಲಿದ್ದಳು, ಹೊರಗೆ ಹೊಗೆ ಕವಿದಿತ್ತು. ನಿನಗೆ ಹಿಂದಿ ಬರುತ್ತಿರಲಿಲ್ಲ. ನಿನ್ನ ಮಾತನ್ನು ಡಾಕ್ಟರಿಗೆ, ಅವರದನ್ನು ನಿನಗೆ ದಾಟಿಸಲು ಇದ್ದವನು ನಾನೊಬ್ಬನೇ. "ಉಸಿರು ಕಟ್ಟುತ್ತೆ, ಸುಮ್‌ಸುಮ್ನೆ ಅಳು ಬರುತ್ತೆ, ಮಗು ಬರ್ತಿದೆ ಅಂತ ಸಂತೋಷಾನೇ ಆಗ್ತಿಲ್ಲ" ಎಂದಿದ್ದೆ ನೀನು. ಅದನ್ನು ಸರಿಯಾಗಿಯೇ ದಾಟಿಸಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಹೊಗೆ ಹೆಚ್ಚಿದ್ದಾಗ ಹೊರಗೆ ಹೋಗುವುದು ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ — "ಸಿರ್ಫ್ ಹವಾ ಕೀ ಬಾತ್ ನಹೀ ಹೈ. ಇನ್ಹೇ ಅಕೇಲಾ ಮತ್ ಛೋಡಿಯೇ." ಬರೀ ಗಾಳಿಯ ಮಾತಲ್ಲ ಇದು, ಮನಸ್ಸಿನ ಕಾಯಿಲೆ, ಬಸುರಿನಲ್ಲಿ ಬರುತ್ತದೆ, ವಾಸಿಯೂ ಆಗುತ್ತದೆ, ಮನೋವೈದ್ಯರಿಗೆ ತೋರಿಸಿ, ಒಂಟಿಯಾಗಿ ಬಿಡಬೇಡಿ ಎಂದರು.

"ಏನಂತೆ?" ಎಂದು ನೀನು ಕೇಳಿದೆ.

"ಹೊಗೆಯಂತೆ. ಕಿಟಕಿ ಹಾಕ್ಕೊಂಡು ಒಳಗೇ ಇರ್ಬೇಕಂತೆ."

ಕಾಲೊನಿಯವರು ಏನೆಂದುಕೊಂಡಾರು ಎಂಬ ಹೆದರಿಕೆ — ಇಲ್ಲ, ಅದಕ್ಕಿಂತ ಸಣ್ಣ ಬುದ್ಧಿ ನನ್ನದು. ತಿಳಿದರೆ ನಿಮ್ಮಮ್ಮ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ಈ ಊರಿನಲ್ಲಿ ನಾನು ಮತ್ತೆ ಒಬ್ಬನೇ ಆಗುತ್ತಿದ್ದೆ. ಅದಕ್ಕೆ ನಿನ್ನನ್ನು ಒಬ್ಬಂಟಿ ಮಾಡಿದೆ. ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿದೆ. ಸಂಜೆ ಪಾರ್ಕಿನಲ್ಲಿ ಆ ಪಂಜಾಬಿ ಅಜ್ಜಿಯ ಪಕ್ಕ ಕೂರುತ್ತಿದ್ದೆಯಲ್ಲ — ಒಬ್ಬರ ಮಾತು ಒಬ್ಬರಿಗೆ ಬಾರದಿದ್ದರೂ ನಗುತ್ತಿದ್ದಿರಿ — ಅದನ್ನೂ ನಿಲ್ಲಿಸಿದೆ. ನಾನು ಆಫೀಸಿನಿಂದ ಬಂದೊಡನೆ ನೀನು ಕೇಳುತ್ತಿದ್ದುದು ಒಂದೇ: "ಇವತ್ತು ಯಾರ್ಯಾರು ಸಿಕ್ಕಿದ್ರು?" ನಾನು ಏನೋ ಒಂದು ಹೇಳಿ ಟಿವಿ ಹಾಕುತ್ತಿದ್ದೆ.

ಒಮ್ಮೆ ಮಳೆ ಬಂದು ಆಕಾಶ ತೊಳೆದಿಟ್ಟಂತಾಗಿತ್ತು. ನೀನು ಗಾಜಿಗೆ ಹಣೆ ಆನಿಸಿ ನಿಂತಿದ್ದೆ. "ಇವತ್ತು ಹೊಗೆ ಇಲ್ಲ ಅಲ್ವಾ? ಮತ್ತೆ ನಂಗ್ಯಾಕೆ ಹೀಗೆ?" ಆಗಲಾದರೂ ನಿಜ ಹೇಳಬಹುದಿತ್ತು. ಬದಲಿಗೆ "ಒಳಗಿರೋ ಹೊಗೆ ಹೋಗೋಕೆ ಟೈಮ್ ಬೇಕು" ಅಂದುಬಿಟ್ಟೆ.

ಇಂಚರ ಹುಟ್ಟಿದಳು. ಬಹಳ ದಿನ ಅವಳನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದೆ ನೀನು. ಆಮೇಲೆ ಹೇಗೋ, ನಿನ್ನಷ್ಟಕ್ಕೆ ನೀನೇ ಸುಧಾರಿಸಿಕೊಂಡೆ. ಈಗ ತರಕಾರಿ ಭಯ್ಯಾನ ಜೊತೆ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತೀಯ. ನಾನು ದಾಟಿಸಬೇಕಾದ ಮಾತು ಇನ್ನೇನೂ ಇಲ್ಲ — ಅದೊಂದನ್ನು ಬಿಟ್ಟು.

ನಿನ್ನೆ ಜಡೆ ಹಾಕಿಸಿಕೊಳ್ಳುತ್ತಾ ಇಂಚರ ಕೇಳಿದಳು: "ಅಮ್ಮಾ, ನಾನು ಹೊಟ್ಟೇಲಿದ್ದಾಗ ತುಮ್ ಹ್ಯಾಪಿ ಥೀ ನಾ?" — ಖುಷಿಯಾಗಿದ್ದೆ ತಾನೇ ಎಂದು.

ನೀನು ಜಡೆಯ ತುದಿಗೆ ರಿಬ್ಬನ್ ಕಟ್ಟಿದೆ. "ಹೊಗೆ ಎಲ್ರಿಗೂ ಇತ್ತು ಪುಟ್ಟಿ. ತಡ್ಕೊಳ್ಳೋಕೆ ಆಗದೇ ಹೋಗಿದ್ದು ನನ್ನೊಬ್ಬಳಿಗೇ."

ಇಲ್ಲ, ಸುಮಾ. ಅವಳಿಗೂ ನಾನೇ ಹೇಳುತ್ತೇನೆ, ನಿನ್ನೆದುರಿಗೇ. ನೀನು ಸೋತಿರಲಿಲ್ಲ. ನಿನಗೆ ಕಾಯಿಲೆಯಿತ್ತು, ಅದಕ್ಕೆ ಔಷಧವೂ ಇತ್ತು. ನನಗೆ ಗೊತ್ತಿತ್ತು.