ಲೆನ್ಸಿಗೆ ಇಟ್ಟ ಕುಂಕುಮ

ಕ್ಯಾಮೆರಾದ ಲೆನ್ಸಿಗೆ ಕಾವಲಾಗಿ ಫಿಲ್ಟರ್ ಗಾಜು ಹಾಕಬೇಕೇ ಬೇಡವೇ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಮಾತು ಬದಲಿಸುತ್ತೇನೆ. ಎಂಬತ್ತರ ದಶಕದಲ್ಲಿ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದಾಗ, ಇದೇ ವಿಷಯಕ್ಕೆ ನಮ್ಮ ಫೋರ್‌ಮನ್ ಜೊತೆ ತಿಂಗಳುಗಟ್ಟಲೆ ವಾದ ಮಾಡಿದವನು ನಾನು.

ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಜಂಬ ಮಾತ್ರ ಹೊಸದು. ಫೋರ್‌ಮನ್ ಕ್ಯಾಮೆರಾ ಮುಟ್ಟಿದವರೇ ಅಲ್ಲ, ಆದರೂ ಬಿಡುತ್ತಿರಲಿಲ್ಲ.

"ಗ್ರೈಂಡರ್ ಮುಂದೆ ನಿಂತ್ಕೊಳ್ಳೋವಾಗ ಕಣ್ಣಿಗೆ ಕನ್ನಡಕ ಆಕ್ಕೊಳ್ಳಲ್ವೇನಯ್ಯಾ? ಅದರ ಕಣ್ಣಿಗೂ ಒಂದು ಫಿಲ್ಟರ್ ಆಕು."

"ಒಳ್ಳೇ ಗಾಜಿನ ಮುಂದೆ ಕಿಟಕಿ ಗಾಜು ಇಟ್ರೆ ಫೋಟೋ ಕೆಡತ್ತೆ ಸಾರ್," ಎಂದು ನಾನು ಪಾಠ ಹೇಳುತ್ತಿದ್ದೆ.

ಆ ವರ್ಷದ ಆಯುಧಪೂಜೆ ಶೆಡ್ಡಿನಲ್ಲಿ ಅವರಿಗೆ ಕೊನೆಯದು. ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ತಮ್ಮ ಲೇತ್ ಜೊತೆ ಒಂದು ಫೋಟೋ ಬೇಕೆಂದು ನಾಚಿಕೊಂಡೇ ಕೇಳಿದ್ದರು. ಮದುವೆಯದು ಬಿಟ್ಟರೆ ಅವರದೊಂದು ಫೋಟೋ ಮನೆಯಲ್ಲಿರಲಿಲ್ಲ. ನಾನೋ, ಬೆಳಗಿನಿಂದ ಬಾಳೆಕಂದು, ಬೂದುಗುಂಬಳ, ಮಾಲೀಕರ ಸ್ಕೂಟರು ಎಲ್ಲದರ ಫೋಟೋ ಹೊಡೆದು ರೋಲಿನಲ್ಲಿ ಒಂದೇ ಒಂದು ಉಳಿಸಿದ್ದೆ.

ಪುರಿ ಹಂಚಲು ಕರೆದರೆಂದು ಕ್ಯಾಮೆರಾವನ್ನು ಲೇತಿನ ಮೇಲಿಟ್ಟು ಹೋದೆ. ಬಂದು ನೋಡಿದರೆ, ಸ್ಪ್ಯಾನರಿಗೆ, ಸುತ್ತಿಗೆಗೆ ಇಟ್ಟ ಹಾಗೆಯೇ ಫೋರ್‌ಮನ್ ಲೆನ್ಸಿನ ನಟ್ಟನಡುವೆ ಗಂಧ, ಅದರ ಮೇಲೆ ಕುಂಕುಮ ಇಟ್ಟಿದ್ದರು.

"ಏನ್ ಮಾಡ್ಬಿಟ್ರಿ ಸಾರ್!"

"ನಿನ್ ಆಯುಧ ಅಲ್ವೇನಯ್ಯಾ ಅದು? ಬಿಟ್ರೆ ಬೇಜಾರ್ ಮಾಡ್ಕೊಂಡೀಯ ಅಂತ ಇಟ್ಟೆ."

ಸಿಟ್ಟು ನೆತ್ತಿಗೇರಿತು. ಏನೇ ಕೊಳೆಯಾದರೂ ಪಕ್ಕದಲ್ಲಿರುವ ಕಾಟನ್ ವೇಸ್ಟ್ ಎತ್ತಿ ಉಜ್ಜುವುದು ಲೇತಿನವರ ಕೈಗೆ ಅಂಟಿದ ಚಾಳಿ. ಉಜ್ಜಿಬಿಟ್ಟೆ. ಆ ನೂಲಿನ ಮುದ್ದೆಯಲ್ಲಿ ಎಣ್ಣೆಯೂ ಇತ್ತು, ಕಬ್ಬಿಣದ ಚೂರುಗಳೂ ಇದ್ದವು. ಕರ್ರೆಂದು ಸದ್ದಾದ ಮೇಲೆ ಬುದ್ಧಿ ಬಂತು. ಲೆನ್ಸಿನ ತುಂಬ ಗೀರು. ಅವರನ್ನು ಬೈಯುವ ಹಾಗೂ ಇಲ್ಲ. ಕುಂಕುಮ ಎಲ್ಲಾದರೂ ಗಾಜು ಗೀರುತ್ತದೆಯೇ?

ಅಷ್ಟರಲ್ಲಿ ಅವರು ತಲೆ ಬಾಚಿಕೊಂಡು ಲೇತಿನ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದರು. ಗೀರಿನ ಸುದ್ದಿ ಎತ್ತದೆ ಆ ಕೊನೆಯ ಫೋಟೋ ಹೊಡೆದೆ.

ಪ್ರಿಂಟ್ ಬರುವಷ್ಟರಲ್ಲಿ ಅವರು ರಿಟೈರ್ ಆಗಿದ್ದರು. ಹಿಂದಿನ ಬಾಗಿಲ ಬೆಳಕು ಗೀರುಗಳಲ್ಲಿ ಹರಡಿ, ದೇವರ ಪಟದಲ್ಲಿರುವಂತೆ ಅವರ ತಲೆಯ ಸುತ್ತ ಪ್ರಭೆ ಮೂಡಿತ್ತು. ನನಗೆ ಅಳು ಬರುವುದೊಂದು ಬಾಕಿ. ಕೊಟ್ಟು ಓಡಿಬರೋಣ ಎಂದು ಚಿಕ್ಕಬಾಣಾವರದ ಅವರ ಮನೆಗೆ ಹೋದೆ. ಅವರು ನನ್ನನ್ನು ಕೂರಿಸಿ, ಫೋಟೋವನ್ನು ಬಹಳ ಹೊತ್ತು ನೋಡಿ, ಹೆಂಡತಿಯನ್ನು ಕರೆದರು.

"ಬಾರೇ ಇಲ್ಲಿ, ಎಂಗ್ ಬಂದೈತೆ ನೋಡು!" ಆಮೇಲೆ ನನ್ನ ಕಡೆ ತಿರುಗಿದರು. "ಫಿಲ್ಟರ್ ಆಕು ಆಕು ಅಂತ ಬಡ್ಕೊಂಡೆ. ಕೊನೆಗೂ ನನ್ ಮಾತು ಕೇಳಿದೀಯ, ಅದಕ್ಕೇ ಇಂಗೆ ಬೆಳಕು ಬಂದೈತೆ."

ನಿಜ ಹೇಳಲು ಬಾಯಿ ತೆರೆದೆ. ಅವರ ಕಣ್ಣು ಒದ್ದೆಯಾಗಿತ್ತು.

"ಹೂಂ ಸಾರ್," ಎಂದೆ. "ನೀವ್ ಹೇಳಿದ್ದೇ ಸರಿ."